ಮೊಬೈಲ್ ಆಟದ ತಂಡ ಮತ್ತು ಉಹುದ್‌ನ ಬಿಲ್ಲುಗಾರರು

(ಕಾಣಿಯೂರಿನಲ್ಲಿ ಜುಮಾ ದಿನ ನೀಡಿದ ಪ್ರವಚನದ ಬರಹರೂಪ)



 ತಕ್ವಾ ಪಾಲಿಸಬೇಕೆಂದು ಮೊದಲು ನಮಗೂ ಬಳಿಕ ನಿಮಗೂ ವಸಿಯ್ಯತ್ ಮಾಡುತ್ತೇವೆ.

ಇವತ್ತಿನ ವಿಷಯ ಕೇಳಿದರೆ ಹಿರಿಯರಲ್ಲಿ ಕೆಲವರು ಹುಬ್ಬೇರಿಸಬಹುದು. ಮಸೀದಿಯಲ್ಲಿ ನಿಂತು ಮೊಬೈಲ್ ಗೇಮ್‌ನ ಬಗ್ಗೆ ಮಾತಾಡುವುದೇ ಎಂದು. ಆದರೆ ಹಿಂದಿನ ಸಫ್‌ಗಳಲ್ಲಿ ಕುಳಿತ ಹುಡುಗರು ಆಗಲೇ ತಲೆ ಎತ್ತಿ ನೋಡುತ್ತಿದ್ದಾರೆ. ಅವರಿಗೆ ವಿಷಯ ಗೊತ್ತಿದೆ. ಗೊತ್ತಿಲ್ಲದಿರುವುದು ನಮಗೆ, ಅಂದರೆ ಉಪ್ಪಂದಿರಿಗೆ, ಉಸ್ತಾದರಿಗೆ.

ಕೆಲವು ವಾರಗಳ ಹಿಂದೆ ಮಗ್ರಿಬ್ ಮುಗಿಸಿ ಹೊರಗೆ ಬಂದಾಗ ಮೂವರು ಹುಡುಗರು ಜಗಲಿಯ ತುದಿಯಲ್ಲಿ ಕುಳಿತಿದ್ದರು. ಅಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದಂತೆ. ನಮ್ಮನ್ನು ಕಂಡ ಕೂಡಲೇ ಮೊಬೈಲ್ ಅಡಗಿಸಿದರು. ನಾವು ಬೈಯಲಿಲ್ಲ. ಆಡಿ, ನಾವೂ ನೋಡುತ್ತೇವೆ ಎಂದು ಪಕ್ಕದಲ್ಲೇ ಕುಳಿತೆವು. ನಂಬಿಕೆ ಬರಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಟ ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇವೆ. ವಿಮಾನದಿಂದ ನೂರು ಮಂದಿ ಒಂದು ದ್ವೀಪಕ್ಕೆ ಹಾರುತ್ತಾರೆ. ಕೈಯಲ್ಲಿ ಏನೂ ಇರುವುದಿಲ್ಲ. ಖಾಲಿ ಮನೆಗಳಿಗೆ ನುಗ್ಗಿ ಬಂದೂಕು, ಗುಂಡು, ಹೆಲ್ಮೆಟ್, ಮದ್ದು ಹುಡುಕಿಕೊಳ್ಳಬೇಕು. ಆಡುವ ಜಾಗ ಹೊತ್ತು ಹೋದಂತೆ ಕಿರಿದಾಗುತ್ತದೆ, ಕೊನೆಗೆ ಉಳಿದವರು ಗೆದ್ದಂತೆ. ಸ್ಕ್ವಾಡ್ ಎಂದರೆ ನಾಲ್ವರ ತಂಡ. ತಂಡದಲ್ಲಿ ಒಬ್ಬನಿಗೆ ಗುಂಡು ತಗಲಿದರೆ ಅವನು ತಕ್ಷಣ ಸಾಯುವುದಿಲ್ಲ. ಮಂಡಿಯೂರಿ ನೆಲದಲ್ಲಿ ತೆವಳುತ್ತಾನೆ. ಜೊತೆಗಾರ ಬಳಿಗೆ ಬಂದು ಕೆಲವು ಸೆಕೆಂಡು ಕೂತರೆ ಅವನು ಮತ್ತೆ ಎದ್ದು ನಿಲ್ಲುತ್ತಾನೆ. ಇದನ್ನು ರಿವೈವ್ ಎನ್ನುತ್ತಾರೆ. ಯಾರೂ ಬಾರದಿದ್ದರೆ ಅವನ ಆಟ ಮುಗಿಯಿತು. ಆಟ ಮಾಡಿದವರೇ ಇದನ್ನು ಹೀಗೆ ಇಟ್ಟಿದ್ದಾರೆ. ಒಬ್ಬ ಇನ್ನೊಬ್ಬನ ಕೈ ಹಿಡಿಯದೆ ತಂಡ ಮುಂದೆ ಹೋಗಬಾರದು ಎಂಬುದು ಅದರ ಲೆಕ್ಕ.

ನಾವು ನೋಡಿದ್ದು ಏನು? ನಮ್ಮ ಹುಡುಗರಲ್ಲಿ ಒಬ್ಬ ಒಂದು ಗೋಡೆಯ ಮರೆಯಲ್ಲಿ ಬಿದ್ದ. ರಿವೈವ್ ಕೊಡಿ, ರಿವೈವ್ ಕೊಡಿ ಎಂದು ಕೂಗಿದ. ಕೂಗುವ ಅಗತ್ಯವೂ ಇರಲಿಲ್ಲ, ಮೂವರ ಭುಜಗಳು ತಾಗುತ್ತಿದ್ದವು. ಎರಡನೆಯವನು ಆಗಷ್ಟೇ ಆಕಾಶದಿಂದ ಬಿದ್ದ ಪೆಟ್ಟಿಗೆಯ ಹತ್ತಿರ ನಿಂತಿದ್ದ. ಅದರಲ್ಲಿ ಬೇರೆಲ್ಲೂ ಸಿಗದ ಬಂದೂಕು ಇರುತ್ತದಂತೆ. ಬರುತ್ತೇನೆ ಎಂದ, ಬರಲಿಲ್ಲ. ಮೂರನೆಯವನು ಜೀಪು ಹತ್ತಿ ಒಬ್ಬನೇ ಹೊರಟುಹೋದ. ತಂಡದಲ್ಲಿ ನಾಲ್ಕನೆಯವನೊಬ್ಬ ಇದ್ದ, ಎಲ್ಲಿಯವನೋ ಗೊತ್ತಿಲ್ಲ, ಹಿಂದಿ ಮಾತಾಡುತ್ತಿದ್ದ. ಅವನು ಓಡಿ ಬಂದ. ಬಿದ್ದವನ ಪಕ್ಕ ಕುಳಿತ. ಎತ್ತುವಷ್ಟರಲ್ಲಿ ಅವನಿಗೂ ಗುಂಡು ಬಿತ್ತು. ಇಬ್ಬರದೂ ಮುಗಿಯಿತು. ಆಗ ಪೆಟ್ಟಿಗೆಯ ಹುಡುಗ ಬಂದ. ಬಂದದ್ದು ಸತ್ತ ಗೆಳೆಯನ ಹೆಲ್ಮೆಟ್, ಮದ್ದು ಎತ್ತಿಕೊಳ್ಳಲು.

ಆಮೇಲೆ ಮೂವರೂ ಸೇರಿ ಬೈದದ್ದು ಯಾರನ್ನು? ಆ ಹಿಂದಿಯವನನ್ನು. ಆಡಲು ಬಾರದವನು, ಅವನಿಂದಲೇ ಸೋತೆವು ಎಂದು. ಎತ್ತಲು ಬಂದವನು ಅವನೊಬ್ಬನೇ. ಆ ಹುಡುಗ ಯಾರ ಮಗನೋ, ಮುಸ್ಲಿಮನೋ ಅಲ್ಲವೋ ನಮಗೆ ತಿಳಿಯದು. ಒಂದು ಮಾತೂ ಆಡದೆ ಹೊರಟುಹೋದ.

ಸಹೋದರರೇ, ಅಂದು ರಾತ್ರಿ ನಮಗೆ ನೆನಪಾದದ್ದು ಉಹುದ್.

ಹಿಜರಿ ಮೂರನೇ ವರ್ಷ, ಶವ್ವಾಲ್ ತಿಂಗಳು. ಮಕ್ಕಾದಿಂದ ಬಂದ ಸುಮಾರು 3000 ಮಂದಿಯ ಎದುರು ಮುಸ್ಲಿಮರು ಸುಮಾರು 700 ಮಂದಿ. ಹಿಂದಿನಿಂದ ಕುದುರೆ ಸವಾರರು ನುಗ್ಗಬಾರದೆಂದು ಪ್ರವಾದಿವರ್ಯರು(ಸ) ಒಂದು ಚಿಕ್ಕ ಗುಡ್ಡದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿದರು. ಅವರ ನಾಯಕ ಅಬ್ದುಲ್ಲಾಹ್ ಇಬ್ನ್ ಜುಬೈರ್(ರ). ನಾವು ಗೆದ್ದರೂ ಸೋತರೂ, ಹೇಳಿ ಕಳುಹಿಸುವ ತನಕ ಜಾಗ ಬಿಡಬಾರದು ಎಂಬುದು ಅವರಿಗೆ ಸಿಕ್ಕ ಆಜ್ಞೆ. ಅದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ.

ಯುದ್ಧ ಆರಂಭವಾಯಿತು. ಶತ್ರುಗಳು ಹಿಮ್ಮೆಟ್ಟಿದರು. ಕೆಳಗೆ ಮೈದಾನದಲ್ಲಿ ಗನೀಮತ್ ಸೊತ್ತು ಬಿದ್ದಿತ್ತು, ಉಳಿದವರು ಹೆಕ್ಕುತ್ತಿದ್ದರು. ಗುಡ್ಡದ ಮೇಲಿದ್ದವರಿಗೆ ಅದೆಲ್ಲ ಕಾಣುತ್ತಿತ್ತು. ಯುದ್ಧ ಮುಗಿಯಿತಲ್ಲ, ನಮ್ಮ ಪಾಲು ಹೋಗಿಬಿಟ್ಟರೆ ಎಂಬ ಯೋಚನೆ ಬಂತು. ನಾಯಕರು ತಡೆದರು, ಆಜ್ಞೆ ನೆನಪಿಸಿದರು. ಹೆಚ್ಚಿನವರು ಇಳಿದೇಬಿಟ್ಟರು. ನಾಯಕರೊಂದಿಗೆ ಉಳಿದವರು ಸುಮಾರು ಹತ್ತು ಮಂದಿ. ಅಂದು ಶತ್ರುಗಳ ಕಡೆ ಇದ್ದ ಖಾಲಿದ್ ಇಬ್ನ್ ವಲೀದ್ ಆ ತೆರವನ್ನು ಕಂಡರು. ಕುದುರೆಗಳೊಂದಿಗೆ ಸುತ್ತಿ ಬಂದು ಹಿಂದಿನಿಂದ ಎರಗಿದರು. ಗುಡ್ಡದಲ್ಲಿ ನಿಂತವರು ನಿಂತಲ್ಲೇ ಶಹೀದರಾದರು. ಗೆದ್ದ ಯುದ್ಧ ಕೈಜಾರಿತು. ಸುಮಾರು 70 ಸಹಾಬಿಗಳು ಶಹೀದರಾದರು. ಹಂಝ(ರ) ಅವರಲ್ಲೊಬ್ಬರು. ಪ್ರವಾದಿವರ್ಯರ(ಸ) ಹಲ್ಲು ಮುರಿಯಿತು, ಮುಖದಲ್ಲಿ ರಕ್ತ ಹರಿಯಿತು.

ಸಹಾಬಿಗಳು ಎಲ್ಲಿ, ಮೊಬೈಲ್ ಹಿಡಿದ ಹುಡುಗರು ಎಲ್ಲಿ ಎಂದು ಕೇಳಬಹುದು. ಆ ಹೋಲಿಕೆ ನಾವು ಮಾಡುತ್ತಿಲ್ಲ. ಗುಡ್ಡ ಇಳಿದವರನ್ನು ಅಲ್ಲಾಹನು ಕ್ಷಮಿಸಿದ್ದಾನೆ, ಆಲ ಇಂರಾನ್ ಅಧ್ಯಾಯವೇ ಅದಕ್ಕೆ ಸಾಕ್ಷಿ. ಅವರ ಬಗ್ಗೆ ನಾಲಗೆ ಹರಿಯಬಿಡುವ ಹಕ್ಕು ನಮಗ್ಯಾರಿಗೂ ಇಲ್ಲ. ನಾವು ಹೇಳುವುದು ನಫ್ಸ್‌ನ ಬಗ್ಗೆ. ಅಂಥ ಮಹನೀಯರನ್ನೂ ಒಂದು ಗಳಿಗೆ ಅದು ಎಳೆಯಿತು ಎಂದಾದರೆ ನಮ್ಮ ಮಕ್ಕಳನ್ನು, ನಮ್ಮನ್ನು ಅದು ಬಿಟ್ಟೀತೇ? ಆಕಾಶದಿಂದ ಬೀಳುವ ಪೆಟ್ಟಿಗೆ ಕಂಡ ಕೂಡಲೇ ಪಕ್ಕದಲ್ಲಿ ಕೂಗುವ ಗೆಳೆಯನ ದನಿ ಕೇಳದಂತೆ ಮಾಡುವುದು ಅದೇ ನಫ್ಸ್.

ಉಹುದ್‌ನ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಮ್ಮ ಮದ್ರಸಗಳಲ್ಲಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ಆಜ್ಞೆ ಮೀರಿದರು ಸೋತರು ಎಂದು. ಮುಂದಿನದು ಇನ್ನೂ ದೊಡ್ಡದು. ಯುದ್ಧಕ್ಕೆ ಮೊದಲು ಮದೀನಾದ ಒಳಗೇ ಇದ್ದು ಎದುರಿಸೋಣ ಎಂಬ ಅಭಿಪ್ರಾಯ ಪ್ರವಾದಿವರ್ಯರದ್ದಾಗಿತ್ತು(ಸ). ಹೊರಗೆ ಹೋಗಿ ಹೋರಾಡೋಣ ಎಂದು ಹಟ ಹಿಡಿದವರು ಯುವಕರು. ಅವರ ಮಾತು ಕೇಳಿ ಹೊರಗೆ ಹೋದದ್ದು, ಬಿಲ್ಲುಗಾರರು ಜಾಗ ಬಿಟ್ಟದ್ದು, ಪ್ರಾಣಕ್ಕಿಂತ ಪ್ರಿಯರಾದ ಚಿಕ್ಕಪ್ಪನನ್ನು ಕಳೆದುಕೊಂಡದ್ದು. ಇಷ್ಟಾದ ಬಳಿಕ ಒಬ್ಬ ಸೇನಾ ನಾಯಕ ತನ್ನವರೊಂದಿಗೆ ಹೇಗೆ ಮಾತಾಡಬಹುದು? ಆಲ ಇಂರಾನ್‌ನ 159ನೇ ಆಯತ್ ತೆಗೆದು ಮನೆಯಲ್ಲಿ ಓದಿ. ಪ್ರವಾದಿವರ್ಯರು(ಸ) ಅವರೊಂದಿಗೆ ಮೃದುವಾಗಿ ನಡೆದದ್ದು ಅಲ್ಲಾಹನ ಕರುಣೆಯಿಂದ ಎಂದು ಅದು ತಿಳಿಸುತ್ತದೆ. ಒರಟಾಗಿದ್ದರೆ ಅವರೆಲ್ಲ ಚದುರಿ ಹೋಗುತ್ತಿದ್ದರು ಎನ್ನುತ್ತದೆ. ಅವರನ್ನು ಮನ್ನಿಸಲು, ಅವರಿಗಾಗಿ ಪಾಪವಿಮೋಚನೆ ಬೇಡಲು ಆದೇಶಿಸುತ್ತದೆ. ಅಷ್ಟೇ ಅಲ್ಲ, ಮತ್ತೂ ಅವರೊಂದಿಗೆ ಸಮಾಲೋಚನೆ ನಡೆಸಬೇಕಂತೆ! ಯಾರ ಸಲಹೆಯಿಂದ ಹೊರಗೆ ಹೋದರೋ ಅವರನ್ನೇ ಮತ್ತೆ ಕರೆದು ಕೂರಿಸಿ ಕೇಳಬೇಕು.

ಆ ಜಗಲಿಯ ಹುಡುಗರಿಗೆ ನಾವು ಮರುದಿನ ಹೇಳಿದ್ದು ಇಷ್ಟನ್ನೇ. ಅವರಲ್ಲಿ ಒಬ್ಬ ಸುಮ್ಮನಿರಲಿಲ್ಲ. ಉಸ್ತಾದ್, ನಾನು ಬಿದ್ದಾಗ ಯಾರೂ ಎತ್ತುವುದಿಲ್ಲ, ಹಾಗಾಗಿ ನಾನೂ ಎತ್ತುವುದಿಲ್ಲ, ಎತ್ತಲು ಹೋದರೆ ನನ್ನ ರ‍್ಯಾಂಕ್ ಇಳಿಯುತ್ತದೆ ಎಂದ. ಪ್ರಾಮಾಣಿಕ ಮಾತು. ಆಟದಲ್ಲಿ ಪ್ರತಿಯೊಬ್ಬನ ಹೆಸರಿನ ಕೆಳಗೆ ಅವನು ಎಷ್ಟು ಮಂದಿಯನ್ನು ಹೊಡೆದ ಎಂಬ ಲೆಕ್ಕ ದೊಡ್ಡದಾಗಿ ಕಾಣುತ್ತದೆ. ಹುಡುಗರು ಒಬ್ಬರಿಗೊಬ್ಬರು ತೋರಿಸುವುದು ಅದನ್ನೇ. ಎಷ್ಟು ಮಂದಿಯನ್ನು ಎತ್ತಿದೆ ಎಂದು ಜಂಬ ಕೊಚ್ಚಿದವನನ್ನು ನಾವಿನ್ನೂ ಕಂಡಿಲ್ಲ. ಅವನಿಗೆ ನಾವು ಬುಖಾರಿಯ ಒಂದು ಹದೀಸಿನ ಸಾರ ಹೇಳಿದೆವು: ಸಂಬಂಧ ಉಳಿಸಿಕೊಂಡವರಿಗೆ ಮಾತ್ರ ಸಂಬಂಧ ತಿರುಗಿ ಕೊಡುವವನು ಸಂಬಂಧ ಜೋಡಿಸುವವನಲ್ಲ, ಕಡಿದುಕೊಂಡವರೊಂದಿಗೂ ಜೋಡಿಸುವವನೇ ನಿಜವಾಗಿ ಜೋಡಿಸುವವನು. ಹುಡುಗ ತಲೆ ಕೆರೆದುಕೊಂಡ. ಒಪ್ಪಿದನೋ ಇಲ್ಲವೋ ಹೇಳಲಾರೆವು.

ಸಿಕ್ಕಿದ್ದನ್ನು ಹಂಚಿಕೊಳ್ಳುವ ವಿಷಯಕ್ಕೆ ಅಶ್ಅರಿ ಗೋತ್ರದವರನ್ನು ನೆನಪಿಡಿ. ಯಮನ್‌ನಿಂದ ಬಂದವರು, ಅಬೂ ಮೂಸಾ(ರ) ಅವರ ಕುಟುಂಬ. ಯುದ್ಧದ ದಾರಿಯಲ್ಲಿ ಬುತ್ತಿ ಮುಗಿಯುತ್ತಾ ಬಂದರೆ ಅಥವಾ ಮದೀನಾದಲ್ಲಿ ಮನೆಯವರಿಗೆ ಆಹಾರ ಸಾಲದಾದರೆ, ಅವರು ತಮ್ಮಲ್ಲಿ ಇದ್ದುದೆಲ್ಲವನ್ನೂ ಒಂದೇ ಬಟ್ಟೆಯ ಮೇಲೆ ಸುರಿದು, ಒಂದೇ ಪಾತ್ರೆಯಿಂದ ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ನನ್ನವರು, ನಾನು ಅವರವನು ಎಂಬ ಅರ್ಥದಲ್ಲಿ ಪ್ರವಾದಿವರ್ಯರು(ಸ) ಅವರನ್ನು ಹೊಗಳಿದರು. ಬ್ಯಾಗಿನಲ್ಲಿ ಹತ್ತು ಮದ್ದು ತುಂಬಿಕೊಂಡು, ಒಂದೂ ಇಲ್ಲದ ಜೊತೆಗಾರನಿಗೆ ಒಂದನ್ನೂ ಹಾಕದ ಹುಡುಗರು ಇದನ್ನು ಕೇಳಬೇಕು. ಹುಡುಗರು ಮಾತ್ರವಲ್ಲ. ಮದುವೆ ಮನೆಯಲ್ಲಿ ಬಿರಿಯಾನಿಯ ದೊಡ್ಡ ತುಂಡುಗಳನ್ನು ಹೆಕ್ಕಿ ತನ್ನ ತಟ್ಟೆಗೆ ಹಾಕಿಕೊಳ್ಳುವ ನಾವೂ ಕೇಳಬೇಕು.

ಈಗ ಮೈಕಿನ ವಿಷಯ. ನಮ್ಮ ಹುಡುಗರಿಗೆ ಹಿಂದಿ ಪರೀಕ್ಷೆಯಲ್ಲಿ ಪಾಸಾಗುವುದೇ ಕಷ್ಟ, ಆದರೆ ಬೈಗುಳ ಮಾತ್ರ ಶುದ್ಧ ಹಿಂದಿಯಲ್ಲಿ ಬರುತ್ತದೆ. ಎಲ್ಲವೂ ತಾಯಿಯ ಮೇಲೆ, ಅಕ್ಕತಂಗಿಯರ ಮೇಲೆ. ಅದರ ಅರ್ಥ ಏನೆಂದು ಒಬ್ಬನನ್ನು ಕೇಳಿದೆವು. ಅವನು ತಲೆ ತಗ್ಗಿಸಿದ. ಅರ್ಥ ಗೊತ್ತಿದೆ ಎಂದಾಯಿತು. ತನ್ನ ತಂದೆತಾಯಿಯನ್ನು ಬೈಯುವುದು ಮಹಾಪಾಪಗಳಲ್ಲಿ ಒಂದು ಎಂದು ಪ್ರವಾದಿವರ್ಯರು(ಸ) ಹೇಳಿದಾಗ, ಯಾರಾದರೂ ಸ್ವಂತ ತಂದೆತಾಯಿಯನ್ನು ಬೈಯುತ್ತಾರೆಯೇ ಎಂದು ಸಹಾಬಿಗಳು ಆಶ್ಚರ್ಯಪಟ್ಟರು. ಒಬ್ಬ ಇನ್ನೊಬ್ಬನ ತಂದೆಯನ್ನು ಬೈದಾಗ ಅವನು ತಿರುಗಿ ಇವನ ತಂದೆತಾಯಿಯನ್ನು ಬೈಯುತ್ತಾನೆ, ಹಾಗೆ ಎಂದು ವಿವರಿಸಿದರು. ಹಾಗಾದರೆ ದಿನಕ್ಕೆ ಎಷ್ಟು ಸಲ ನಮ್ಮ ಮನೆಯ ಉಮ್ಮಂದಿರು, ಒಳಗೆ ಒಲೆಯ ಮುಂದೆ ನಿಂತಿರುವಾಗಲೇ, ಹೊರಗಿನ ಕೋಣೆಯ ಒಂದು ಮೊಬೈಲಿನಲ್ಲಿ ಬೈಸಿಕೊಳ್ಳುತ್ತಿದ್ದಾರೆ? ಬೈಸುತ್ತಿರುವುದು ಅವರ ಮಗನೇ.

ಆಟವೇ ಹರಾಮಲ್ಲವೇ, ಇಷ್ಟೆಲ್ಲ ಯಾಕೆ ಎಂದು ಕೆಲವರು ಕೇಳುತ್ತೀರಿ. ನಮಾಝ್ ತಪ್ಪಿಸುವ ಆಟದ ಬಗ್ಗೆ, ಹಣ ಪಣಕ್ಕಿಡುವ ಆಟದ ಬಗ್ಗೆ ಎರಡು ಮಾತಿಲ್ಲ. ಹಣದ ಆಟಗಳನ್ನು 2025ರ ಆಗಸ್ಟ್‌ನಲ್ಲಿ ದೇಶದ ಕಾನೂನೂ ನಿಷೇಧಿಸಿದೆ. ಉಳಿದದ್ದನ್ನು ವಿದ್ವಾಂಸರಲ್ಲಿ ಕೇಳಿ ತಿಳಿಯಿರಿ. ಆದರೆ ಬರಿಯ ನಿಷೇಧದಿಂದ ಏನಾಗುತ್ತದೆ ಎಂದು ನಾವೆಲ್ಲ ನೋಡಿದ್ದೇವೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರಕಾರ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಪಬ್‌ಜಿಯೂ ಅದರಲ್ಲಿತ್ತು. ಹಲವು ಉಪ್ಪಂದಿರು ಅಲ್‌ಹಮ್ದುಲಿಲ್ಲಾಹ್ ಎಂದರು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು. 2022ರ ಜುಲೈಯಲ್ಲಿ ಅದನ್ನೂ ತೆಗೆದರು. 2023ರ ಮೇಯಲ್ಲಿ ಅದು ಮತ್ತೆ ಬಂತು. ಆಟ ಹೋಗಿ ಬರುತ್ತಿತ್ತು, ಹುಡುಗನ ಸ್ವಭಾವ ಮನೆಯಲ್ಲೇ ಇತ್ತು.

2021ರ ಏಪ್ರಿಲ್ ನೆನಪಿದೆಯೇ? ಪಬ್‌ಜಿ ನಿಷೇಧವಾಗಿ ಏಳು ತಿಂಗಳಾಗಿತ್ತು. ನಮ್ಮದೇ ಜಿಲ್ಲೆಯ ಉಳ್ಳಾಲದ ಕಡೆ ಅದೇ ಆಟದ ಜಗಳ ಒಬ್ಬ 12 ವರ್ಷದ ಬಾಲಕನ ಪ್ರಾಣ ತೆಗೆಯಿತು. ಪೊಲೀಸರು ಅಂದು ತಿಳಿಸಿದ ಪ್ರಕಾರ, ಆನ್‌ಲೈನಿನಲ್ಲಿ ಸದಾ ಗೆಲ್ಲುತ್ತಿದ್ದ ಈ ಹುಡುಗನ ಪರವಾಗಿ ಬೇರೆ ಯಾರೋ ಆಡುತ್ತಿದ್ದಾರೆ ಎಂಬ ಸಂಶಯ ಇನ್ನೊಬ್ಬನಿಗೆ. ಅವನಿಗೂ 18 ತುಂಬಿರಲಿಲ್ಲ. ಎದುರುಬದುರು ಕುಳಿತು ಆಡಿದರು. ಮಾತಿಗೆ ಮಾತು ಬೆಳೆಯಿತು, ಕಲ್ಲು ಎತ್ತಿದರು. ಒಂದು ಮನೆಯಲ್ಲಿ ಮಗ ಇಲ್ಲವಾದ. ಇನ್ನೊಂದು ಮನೆಯ ಮಗನ ಬದುಕು ಬೇರೆಯೇ ದಾರಿ ಹಿಡಿಯಿತು. ಆ ಎರಡು ಮನೆಗಳನ್ನು ಇಲ್ಲಿ ಚರ್ಚೆಗೆ ಎಳೆಯುವುದು ನಮ್ಮ ಉದ್ದೇಶವಲ್ಲ. ಗೆಲುವು ಸೋಲಿನ ಹೊತ್ತಿಗೆ ಮಗನ ಮುಖ ಹೇಗಾಗುತ್ತದೆ ಎಂದು ನಾವು ಒಂದು ದಿನವಾದರೂ ನೋಡಿದ್ದೇವೆಯೇ ಎಂದು ಕೇಳಿಕೊಳ್ಳುವುದಷ್ಟೇ.

ನಮ್ಮ ಹುಡುಗರು ಕೆಟ್ಟವರೆಂದು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. 2022ರ ಜುಲೈಯ ಮಳೆಗೆ ಇಲ್ಲೇ ಬೈತಡ್ಕದಲ್ಲಿ ಕಾರೊಂದು ಸೇತುವೆಯಿಂದ ಹೊಳೆಗೆ ಬಿದ್ದು ಇಬ್ಬರು ಯುವಕರು ನೀರುಪಾಲಾದರು. ದಿನಗಟ್ಟಲೆ ಹುಡುಕಾಟ ನಡೆಯಿತು. ಸರಕಾರದವರೊಂದಿಗೆ ಊರವರೂ ಹೊಳೆಬದಿಯಲ್ಲಿ ನಿಂತರು, ಯಾವ ಜಾತಿ ಯಾವ ಊರು ಎಂದು ನೋಡದೆ. ಬಿದ್ದವನನ್ನು ಎತ್ತಬೇಕು ಎಂಬುದು ಈ ಮಣ್ಣಿನಲ್ಲಿ ಯಾರಿಗೂ ಹೊಸತಾಗಿ ಕಲಿಸಬೇಕಾದದ್ದಲ್ಲ. ಅಡಿಕೆಗೆ ಮದ್ದು ಬಿಡುವಾಗ ನೋಡಿ. ಮರ ಹತ್ತಿದವನೊಬ್ಬ, ಕೆಳಗೆ ಪೈಪು ಎಳೆಯುವವನೊಬ್ಬ, ಪಂಪಿನ ಬಳಿ ಇನ್ನೊಬ್ಬ. ಕೆಳಗಿನವನು ಫೋನ್ ನೋಡುತ್ತಾ ಪೈಪು ಬಿಟ್ಟರೆ ಮೇಲಿನವನ ಕೈಕಾಲು ಏನಾಗಬಹುದೆಂದು ನಿಮಗೆಲ್ಲ ಗೊತ್ತು. ಅಲ್ಲಿ ಯಾರೂ ಎಷ್ಟು ಗೊನೆಗೆ ನಾನೊಬ್ಬನೇ ಬಿಟ್ಟೆ ಎಂದು ಲೆಕ್ಕ ಹೇಳುವುದಿಲ್ಲ. ಅದೇ ಹುಡುಗ ಸಂಜೆ ಮೊಬೈಲ್ ಹಿಡಿದರೆ ಬೇರೆಯವನೇ ಆಗುತ್ತಾನೆ, ಯಾಕೆ? ಎದುರಿನವನ ಮುಖ ಕಾಣುವುದಿಲ್ಲ, ಹೆಸರು ಗೊತ್ತಿಲ್ಲ, ನಾಳೆ ಪೇಟೆಯಲ್ಲಿ ಸಿಗುವವನಲ್ಲ. ಯಾರೂ ನೋಡುವುದಿಲ್ಲ ಎಂದು ಅವನು ಎಣಿಸಿದ್ದಾನೆ. ನೋಡುವವನೊಬ್ಬ ಇದ್ದಾನೆ ಎಂದು ನಾವು ಮದ್ರಸದಲ್ಲಿ ಕಲಿಸಿದ್ದು ಕತ್ತಲ ಕೋಣೆಯ ಬಗ್ಗೆ ಮಾತ್ರವೇ?

ಒಬ್ಬ ಹುಡುಗ ಒಳ್ಳೆಯ ಪ್ರಶ್ನೆಯೊಂದನ್ನು ಕೇಳಿದ. ಆಟದ ಮಧ್ಯೆ ಉಮ್ಮ ಕರೆಯುತ್ತಾರೆ ಅಥವಾ ಬಾಂಗ್ ಆಗುತ್ತದೆ. ಎದ್ದು ಹೋದರೆ ಉಳಿದ ಮೂವರಿಗೆ ಮೋಸ, ಕುಳಿತರೆ ಇಲ್ಲಿ ತಪ್ಪು, ಏನು ಮಾಡಲಿ ಎಂದು. ಎದ್ದು ಹೋಗಬೇಕು, ಅದರಲ್ಲಿ ಸಂಶಯವಿಲ್ಲ. ಆದರೆ ಅವನ ಮಾತಿನಲ್ಲೂ ಹುರುಳಿದೆ. ಒಂದು ಆಟಕ್ಕೆ ಅರ್ಧ ಗಂಟೆಯ ಹತ್ತಿರ ಬೇಕು. ಮಗ್ರಿಬ್‌ಗೆ ಹತ್ತು ನಿಮಿಷ ಇರುವಾಗ ಆಟ ಶುರು ಮಾಡುವವನು ನಮಾಝ್‌ಗೂ ಮೋಸ ಮಾಡುತ್ತಾನೆ, ತನ್ನನ್ನು ನಂಬಿ ತಂಡಕ್ಕೆ ಬಂದ ಮೂವರಿಗೂ ಮೋಸ ಮಾಡುತ್ತಾನೆ. ಮೊದಲು ಗಡಿಯಾರ ನೋಡಬೇಕು. ಉಮ್ಮಂದಿರಲ್ಲೂ ಒಂದು ವಿನಂತಿ: ಅಂಗಡಿಗೆ ಕಳುಹಿಸಬೇಕಿದ್ದರೆ, ತೋಟದ ಕೆಲಸವಿದ್ದರೆ, ಆಟ ಶುರುವಾಗುವ ಮೊದಲೇ ಹೇಳಿಬಿಡಿ.

ಪ್ರವಾದಿವರ್ಯರು(ಸ) ಆಟವನ್ನು ಹತ್ತಿರದಿಂದ ನೋಡಿದವರು. ಅಸ್ಲಮ್ ಗೋತ್ರದ ಕೆಲವರು ಬಾಣ ಬಿಡುವ ಪಂದ್ಯ ನಡೆಸುತ್ತಿದ್ದಾಗ ಅಲ್ಲಿಗೆ ಬಂದರು. ನಿಮ್ಮ ಪೂರ್ವಜ ಇಸ್ಮಾಈಲ್(ಅ) ಬಿಲ್ಲುಗಾರರಾಗಿದ್ದರು, ಬಿಡಿ ಎಂದು ಹುರಿದುಂಬಿಸಿ, ತಾನು ಒಂದು ತಂಡದ ಜೊತೆ ಎಂದರು. ಇನ್ನೊಂದು ತಂಡದವರು ಕೈ ತಡೆದು ನಿಂತರು. ತಾವು ಆ ಕಡೆ ಇರುವಾಗ ನಾವು ಹೇಗೆ ಬಾಣ ಬಿಡುವುದು ಎಂದರು. ಆಗ ಪ್ರವಾದಿವರ್ಯರು(ಸ), ಸರಿ, ನಾನು ನಿಮ್ಮೆಲ್ಲರ ಜೊತೆ ಎಂಬಂತೆ ಹೇಳಿ ಆಟ ಮುಂದುವರಿಸಲು ಹೇಳಿದರು. ಬುಖಾರಿಯಲ್ಲಿರುವ ಈ ಘಟನೆಯನ್ನು ಎಷ್ಟು ಸಲ ಓದಿದರೂ ನಮಗೆ ಸಂತೋಷವಾಗುತ್ತದೆ. ಹುಡುಗರು ಆಡುವಲ್ಲಿಗೆ ಹಿರಿಯರು ಹೋಗಬೇಕು. ಹೋದರೆ ಆಟವೂ ಬದಲಾಗುತ್ತದೆ. ಆ ರಾತ್ರಿ ನಾವು ಪಕ್ಕದಲ್ಲಿ ಕುಳಿತ ಬಳಿಕ ಎರಡನೇ ಆಟದಲ್ಲಿ ಒಂದು ಬೈಗುಳವೂ ಕೇಳಲಿಲ್ಲ. ನಮ್ಮ ಗಡ್ಡಕ್ಕೆ ಹೆದರಿ ಇರಬಹುದು, ಇರಲಿ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ಊರಲ್ಲಿರುವ ಉಪ್ಪಂದಿರು ಇಶಾ ಬಳಿಕ ಮಗನ ಪಕ್ಕ ಕುಳಿತು ಒಂದು ಆಟ ಪೂರ್ತಿ ನೋಡಿ. ಗಲ್ಫಿನಲ್ಲಿರುವವರು ವೀಡಿಯೋ ಕಾಲ್‌ನಲ್ಲಿ ಮಾರ್ಕ್ಸ್ ಕೇಳುವ ಮೊದಲು, ಇವತ್ತು ತಂಡದಲ್ಲಿ ಯಾರು ಬಿದ್ದರು, ನೀನು ಏನು ಮಾಡಿದೆ ಎಂದು ಕೇಳಿ. ಅವನಿಗೆ ಆಶ್ಚರ್ಯವಾಗುತ್ತದೆ, ಉತ್ತರ ಹೇಳುತ್ತಾನೆ. ಯುವಕರು ಭಾನುವಾರ ಅಸರ್ ಬಳಿಕ ವಾಲಿಬಾಲ್ ನೆಟ್ ಕಟ್ಟುವುದಾಗಿ ಹೇಳಿದ್ದಾರೆ. ಹತ್ತನೇ ತರಗತಿಗಿಂತ ಕೆಳಗಿನವರನ್ನೂ ಸೇರಿಸಿಕೊಳ್ಳಬೇಕೆಂದು ಅವರಿಗೆ ತಿಳಿಸಿದ್ದೇವೆ. ಚೆನ್ನಾಗಿ ಆಡುವ ಆರು ಮಂದಿ ಒಂದೇ ಕಡೆ ಸೇರಿಕೊಳ್ಳುವ ಹಾಗಿಲ್ಲ, ತಂಡ ಹಂಚುವುದು ನಾವು.